ಹಾಫ್ ಟ್ರಯಥ್ಲಾನ್‌ನಲ್ಲಿ ಸೈಕಲ್ ಇಳಿದ ಮೇಲೆ ಓಟ ಯಾಕೆ ಕೈಕೊಡುತ್ತದೆ?

ಹಾಫ್ ಟ್ರಯಥ್ಲಾನ್ ಎಂದರೆ ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮಾಡುವ ರೇಸ್. ಹೆಚ್ಚಿನವರಿಗೆ ಓಟ ಕೆಡುವುದು ಸೈಕಲ್ ಮೇಲೆಯೇ. 1.9 ಕಿ.ಮೀ. ಈಜಿ ಬಂದ ಹುರುಪಿನಲ್ಲಿ 90 ಕಿ.ಮೀ. ಜೋರಾಗಿ ತುಳಿದು, ತಿನ್ನುವುದನ್ನು ಮರೆತರೆ, ಮುಂದಿನ 21.1 ಕಿ.ಮೀ. ಓಟಕ್ಕೆ ಸ್ನಾಯುಗಳಲ್ಲಿ ಗ್ಲೈಕೋಜನ್, ಅಂದರೆ ಕೂಡಿಟ್ಟ ಸಕ್ಕರೆ, ಸಾಲುವುದಿಲ್ಲ. ಓಡುತ್ತಾ ತಿಂದು ತುಂಬಿಸೋಣವೆಂದರೆ ಅದೂ ಕಷ್ಟ: ಮೈ ಬಿಸಿಯಾದಷ್ಟೂ ರಕ್ತ ಚರ್ಮದ ಕಡೆ ಹರಿಯುತ್ತದೆ, ಹೊಟ್ಟೆಗೆ ಸಿಗುವುದು ಕಡಿಮೆ. ತಿಂದ ಜೆಲ್, ಅಂದರೆ ಸಕ್ಕರೆಯ ಗಟ್ಟಿ ಪಾಕ, ಅಲ್ಲೇ ಕುಲುಕುತ್ತಾ ವಾಕರಿಕೆ ಬರುತ್ತದೆ.

ಹಾಗಾಗಿ ಸೈಕಲ್ ಮೇಲೆ ಒಂದು ಪೂರ್ತಿ ವಾಕ್ಯ ಆಡುವಷ್ಟು ಉಸಿರು ಉಳಿದಿರಲಿ. ಗಂಟೆಗೆ ಸುಮಾರು 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು: 750 ಮಿ.ಲೀ. ಬಾಟಲಿಗೆ 40 ಗ್ರಾಂ ಸಕ್ಕರೆ, ಕಾಲು ಟೀ ಚಮಚ ಉಪ್ಪು, ಜೊತೆಗೊಂದು ಬಾಳೆಹಣ್ಣು. ಇದನ್ನು ಅಭ್ಯಾಸದಲ್ಲೇ ಹೊಟ್ಟೆಗೆ ರೂಢಿ ಮಾಡಿಸಿ, ರೇಸ್ ದಿನ ಹೊಸತೇನೂ ಬೇಡ.

ಮಂಗಳೂರು, ಉಡುಪಿಯ ಸೆಕೆಯಲ್ಲಿ ಬೆವರು ಆರದೆ ಬರೀ ತೊಟ್ಟಿಕ್ಕುತ್ತದೆ. ಆರದ ಬೆವರು ಮೈ ತಂಪು ಮಾಡದು. ಪಣಂಬೂರು, ಮಲ್ಪೆ ಕಡೆ ಓಡುವವರು ವಾಚಿನ ವೇಗಕ್ಕೆ ಜೋತುಬೀಳದೆ ಮೊದಲ 5 ಕಿ.ಮೀ. ನಿಧಾನಕ್ಕೆ ಹೋಗಿ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ, ಸೋಡಿಯಂ ಕಡಿಮೆ; ಬೆವರಲ್ಲಿ ಹೆಚ್ಚು ಹೋಗುವುದು ಸೋಡಿಯಂ. ಚಿಟಿಕೆ ಉಪ್ಪು ಬೆರೆಸಿಯೇ ಕುಡಿಯಿರಿ.