ಬಣ್ಣ ಬಿಡಿ, ಹೆಗಲು ನೋಡಿ

ನಿಮ್ಮ ಮನೆ ಸುತ್ತ ಮೂರು ಥರದ ಓತಿ, ಹಲ್ಲಿ ಕಂಡಿವೆ ಅಂದಿದ್ದೀರಿ: ಕಲ್ಲಿನ ಕಾಂಪೌಂಡ್ ಮೇಲೆ ಕೆಂಪು-ಕಪ್ಪು ಒಂದು, ದಾಸವಾಳದ ಗಿಡದಲ್ಲಿ ಗೆರೆ ಇರುವುದು ಒಂದು, ಹೂಕುಂಡದ ಅಡಿಯಲ್ಲಿ ಕೆಂಪು ಬಾಲದ್ದು ಒಂದು. ಯಾವ ಬಣ್ಣದ್ದು ಯಾವ ಜಾತಿ, ಯಾವುದಕ್ಕೆ ವಿಷ ಇದೆ, ಒಂದು ಪಟ್ಟಿ ಕೊಡಿ ಅಂತ ಕೇಳಿದ್ದೀರಿ. ಆ ಪಟ್ಟಿ ನಾನು ಮಾಡಿದ್ದೆ. ಅದರಿಂದ ಏನು ಕಳೆದುಕೊಂಡೆ ಅಂತ ಮೊದಲು ಹೇಳುತ್ತೇನೆ.

ನಮ್ಮದು ತೀರ್ಥಹಳ್ಳಿ ಕಡೆ. ಮನೆ ಹಿಂದೆ ಹಿತ್ತಲು, ಅದರಾಚೆ ಅಡಿಕೆ ತೋಟ, ತೋಟದ ಅಂಚಿಗೆ ಒಂದಷ್ಟು ಕಾಡುಮರ. ಕಂಡ ಓತಿ, ಹಲ್ಲಿಗಳನ್ನೆಲ್ಲ ಮೊಬೈಲ್‌ನಲ್ಲಿ ಹಿಡಿದು ಬಣ್ಣದ ಲೆಕ್ಕದಲ್ಲಿ ಬೇರೆಬೇರೆ ಫೋಲ್ಡರ್‌ಗೆ ಹಾಕುತ್ತಿದ್ದೆ. ಕೆಂಪು ತಲೆ, ಹಳದಿ ಗೆರೆ, ಬರೀ ಕಂದು, ಹೀಗೆ. ಮೊಬೈಲ್ ತುಂಬಿತು ಅಂದಾಗ ಪ್ರತಿ ಫೋಲ್ಡರ್‌ನಲ್ಲೂ ಬಣ್ಣ ಚೆನ್ನಾಗಿ ಬಂದ ಒಂದೆರಡನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಅಳಿಸಿದೆ. ಕಂದು ಫೋಲ್ಡರ್ ಅಂತೂ ಪೂರ್ತಿ ಖಾಲಿ ಮಾಡಿದೆ. ಅದರಲ್ಲಿ ನೋಡುವುದಕ್ಕೆ ಏನೂ ಇಲ್ಲ ಅನ್ನಿಸಿತ್ತು.

ತಪ್ಪಾಗಿದ್ದು ಅಲ್ಲೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅದೇ ದಾರಿಯಲ್ಲಿದ್ದೀರಿ. ನಮ್ಮ ಹಿತ್ತಲಿನ ಮಾಮೂಲಿ ಓತಿಕ್ಯಾತ, ವಿಜ್ಞಾನದ ಹೆಸರಲ್ಲಿ ಕೆಲೋಟಿಸ್ ವರ್ಸಿಕಲರ್, ಒಂದೇ ಬಣ್ಣದಲ್ಲಿ ಇರುವುದೇ ಇಲ್ಲ. ಬೇಸಿಗೆ ಮುಗಿದು ಮಳೆ ಶುರುವಾಗುವ ಹೊತ್ತಿಗೆ ಗಂಡಿನ ತಲೆ, ಹೆಗಲು ಕೆಂಪಾಗುತ್ತದೆ, ಗಂಟಲ ಪಕ್ಕ ಕಪ್ಪು ಮಚ್ಚೆ ಬರುತ್ತದೆ. ಇನ್ನೊಂದು ಗಂಡಿನ ಜೊತೆ ಜಗಳವಾಡಿ ಸೋತರೆ ಸ್ವಲ್ಪ ಹೊತ್ತಿನಲ್ಲೇ ಆ ಕೆಂಪು ಇಳಿದು ಮಂಕು ಕಂದಾಗುತ್ತದೆ. ಎಷ್ಟೋ ಹೆಣ್ಣುಗಳಿಗೆ ಬೆನ್ನಿನ ಎರಡೂ ಪಕ್ಕ ತಿಳಿ ಹಳದಿ ಗೆರೆ. ಮರಿಗಳ ಮೈಮೇಲೆ ಅಡ್ಡಡ್ಡ ಪಟ್ಟೆ. ಹೆಣ್ಣು ಬಸುರಿಯಾದರೆ ಆಕಾರವೇ ಬೇರೆ ಕಾಣುತ್ತದೆ. ಮಳೆ ತಡವಾದರೆ ಅದು ಮೊಟ್ಟೆ ಇಡುವುದನ್ನು ಮುಂದೂಡಿ ಹೊಟ್ಟೆಯಲ್ಲೇ ಉಳಿಸಿಕೊಳ್ಳಬಲ್ಲದು. ಇದರ ಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಒಳ್ಳೆಯ ಕೆಲಸ ಆಗಿದೆ. ಹಾಗಾಗಿ ಒಂದು ಜೋಡಿ ಮತ್ತು ಅದರ ಮರಿಗಳು ಸೇರಿ ನನ್ನ ಮೊಬೈಲ್‌ನಲ್ಲಿ ನಾಲ್ಕು ಜಾತಿಯಾಗಿ ಕೂತಿದ್ದವು. ಒಂದೇ ಪ್ರಾಣಿಯನ್ನು ಬೇರೆಬೇರೆ ಅಂದುಕೊಂಡಿದ್ದೆ. ಅದೇನು ದೊಡ್ಡ ನಷ್ಟ ಅಲ್ಲ, ಫೋಲ್ಡರ್ ಸೇರಿಸಿದರೆ ಸರಿಹೋಯಿತು. ಬೇರೆ ಪ್ರಾಣಿಯನ್ನು ಅದೇ ಅಂದುಕೊಂಡು ಅಳಿಸಿದ್ದು ನಷ್ಟ.

ಪಶ್ಚಿಮ ಘಟ್ಟದ ಕಾಡಂಚಿನಲ್ಲಿ ಇನ್ನೊಂದು ಓತಿ ಇದೆ. ಹಿಂದೆ ಅದನ್ನೂ ಕೆಲೋಟಿಸ್ ಗುಂಪಿಗೇ ಸೇರಿಸಿದ್ದರು, 2018ರಲ್ಲಿ ಬೇರೆ ಮಾಡಿ ಮೊನಿಲೆಸಾರಸ್ ರೂಕ್ಸಿ ಅಂತ ಹೆಸರಿಟ್ಟರು. ಮಾಮೂಲಿ ಓತಿಗಿಂತ ಚಿಕ್ಕದು, ತೆಳ್ಳಗಿರುತ್ತದೆ, ಸುಮ್ನೆ ಕೂತಾಗ ಕಂದು. ಬಣ್ಣ ನೋಡಿದರೆ ನಮ್ಮ ಓತಿಕ್ಯಾತನ ಎಳೆಯದು ಅಂತಲೇ ಅನ್ನಿಸುತ್ತದೆ. ಗೊತ್ತಾಗುವುದು ಹೆಗಲಿನಲ್ಲಿ. ಮುಂಗಾಲು ಮೈಗೆ ಸೇರುವ ಜಾಗದ ಸ್ವಲ್ಪ ಮುಂದೆ ಚರ್ಮ ಓರೆಯಾಗಿ ಮಡಚಿರುತ್ತದೆ, ಆ ಮಡಿಕೆಯೊಳಗೆ ಸಣ್ಣ ಸಣ್ಣ ಕಾಳಿನಂಥ ಹುರುಪೆ. ಮಾಮೂಲಿ ಓತಿಕ್ಯಾತನಿಗೆ ಆ ಮಡಿಕೆ ಇಲ್ಲ. ಇದು ನನಗೆ ತಿಳಿದಿದ್ದು ಎಲ್ಲ ಅಳಿಸಿದ ಮೇಲೆ. ತೋಟದಂಚಿನ ಮರದಲ್ಲಿ ಕಾಣುತ್ತಿದ್ದ ತೆಳು ಮೈಯ ಕಂದು ಓತಿಯ ಒಂದು ಫೋಟೋ ಮಾತ್ರ ತಂಗಿಗೆ ವಾಟ್ಸ್ಆ್ಯಪ್ ಮಾಡಿದ್ದರಿಂದ ಉಳಿದಿತ್ತು. ಸರೀಸೃಪ ಬಲ್ಲವರೊಬ್ಬರಿಗೆ ತೋರಿಸಿದೆ. ಹೆಗಲ ಮೇಲೆ ಸರಿಯಾಗಿ ಒಂದು ಎಲೆ ಅಡ್ಡ ಬಂದಿದೆ, ಇದರಲ್ಲಿ ಹೇಳಲು ಆಗುವುದಿಲ್ಲ, ಬೇರೆ ಫೋಟೋ ಇದೆಯಾ ಅಂತ ಕೇಳಿದರು. ಬೇಕಾದಷ್ಟು ಇದ್ದವು. ಅಷ್ಟರಲ್ಲಿ ರಸ್ತೆ ಅಗಲ ಮಾಡಲು ಆ ಮರಗಳನ್ನೂ ಕಡಿದಿದ್ದರು. ಆಮೇಲೆ ಆ ಓತಿ ನಮ್ಮ ಕಡೆ ಕಾಣಲಿಲ್ಲ. ನಮ್ಮ ತೋಟದಂಚಿನಲ್ಲಿ ಕಾಡಿನ ಓತಿ ಇತ್ತು ಅಂತ ಹೇಳುವುದಕ್ಕೆ ಈಗ ನನ್ನ ಹತ್ತಿರ ಏನೂ ಇಲ್ಲ. ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಿಮ್ಮವಕ್ಕೆ ಬರುತ್ತೇನೆ. ಮನೆ ಕನಕಪುರ ರಸ್ತೆ ಕಡೆ, ಸುತ್ತ ಬಂಡೆ ಇದೆ ಅಂದಿದ್ದೀರಿ. ಕಲ್ಲಿನ ಮೇಲಿನ ಕೆಂಪು-ಕಪ್ಪು ನನ್ನ ಪ್ರಕಾರ ಬಂಡೆ ಓತಿ, ಸ್ಯಾಮೊಫಿಲಸ್ ಡಾರ್ಸಾಲಿಸ್. ಆದರೆ ಕೆಂಪು ಅನ್ನುವ ಕಾರಣಕ್ಕೆ ಹೇಳುತ್ತಿಲ್ಲ. ಮೈ ಚಪ್ಪಟೆಯಾಗಿದ್ದು ಬೆನ್ನ ಮೇಲೆ ಮುಳ್ಳಿನ ಸಾಲು ಇಲ್ಲದಿದ್ದರೆ ಬಂಡೆ ಓತಿ, ಕತ್ತಿನಿಂದ ಗರಗಸದಂತೆ ಮುಳ್ಳು ಎದ್ದಿದ್ದರೆ ಓತಿಕ್ಯಾತ. ಬಂಡೆ ಓತಿಯ ಗಂಡೂ ಬಣ್ಣ ಬದಲಿಸುತ್ತದೆ, ಹೆಣ್ಣಿನ ಮುಂದೆ ಒಂದು, ಇನ್ನೊಂದು ಗಂಡಿನ ಮುಂದೆ ಇನ್ನೊಂದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮರಿಯಾ ಠಾಕರ್ ಅವರ ತಂಡ ಇದೇ ಓತಿಯ ಬಣ್ಣಗಳನ್ನು ಅಧ್ಯಯನ ಮಾಡಿದೆ. ಅದರ ಹೆಣ್ಣು ಮಂಕು ಬಣ್ಣದ್ದು, ನೀವು ಬಹುಶಃ ಅದನ್ನು ಲೆಕ್ಕಕ್ಕೇ ಹಿಡಿದಿಲ್ಲ. ದಾಸವಾಳದ ಗಿಡದ್ದು ಹೆಣ್ಣೋ ಮರಿಯೋ ಆಗಿರುವ ಓತಿಕ್ಯಾತ ಇರಬಹುದು, ಪಕ್ಕದಿಂದ ಫೋಟೋ ಬೇಕು.

ಕುಂಡದ ಅಡಿಯದ್ದು ಹಾವುರಾಣಿ. ಹೊಳೆಯುವ ನುಣುಪು ಮೈ, ಪುಟ್ಟ ಕಾಲು, ಕತ್ತು ಅಂತ ಬೇರೆಯಾಗಿ ಕಾಣುವುದಿಲ್ಲ, ಅಲ್ವಾ? ಕೆಂಪು ಬಾಲ ಮರಿಯಾಗಿದ್ದಾಗಿನದು, ಬೆಳೆದ ಮೇಲೆ ಮಾಸುತ್ತದೆ. ಅದನ್ನು ಕಂಡರೆ ಜನ ಕೋಲು ತರುತ್ತಾರೆ. ದಯವಿಟ್ಟು ಬೇಡ. ಕಚ್ಚಿ ಮನುಷ್ಯನಿಗೆ ವಿಷ ಏರಿಸುವ ಹಲ್ಲಿಯಾಗಲಿ ಓತಿಯಾಗಲಿ ನಮ್ಮ ದೇಶದಲ್ಲಿ ಇಲ್ಲ. ಹಾವುರಾಣಿಗೂ ಇಲ್ಲ, ಉಡಕ್ಕೂ ಜನ ಹೆದರುವಂಥ ವಿಷ ಇಲ್ಲ. ಉಡದ ಮರಿ ಮೈತುಂಬ ಚುಕ್ಕೆ ಇಟ್ಟುಕೊಂಡು ಬೇರೆಯೇ ಪ್ರಾಣಿಯಂತೆ ಕಾಣುತ್ತದೆ, ವಿಷದ್ದು ಅಂತ ಹೆದರಿ ಜನ ಎಷ್ಟೋ ಮರಿಗಳನ್ನು ಕೊಲ್ಲುತ್ತಾರೆ. ಉಡ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಹಿಡಿದರೂ ಕೊಂದರೂ ಅಪರಾಧ. ಆದ್ದರಿಂದ ‘ಯಾವುದಕ್ಕೆ ವಿಷ’ ಅನ್ನುವ ಪ್ರಶ್ನೆಯನ್ನೇ ಕೈಬಿಡಿ. ಯಾವುದನ್ನೂ ಓಡಿಸುವ ಅಗತ್ಯ ಇಲ್ಲ.

ಫೋಟೋ ತೆಗೆಯುವಾಗ ಮೇಲಿನಿಂದ ತೆಗೆಯಬೇಡಿ. ಕೂತು, ಅದರ ಮಟ್ಟಕ್ಕೆ ಇಳಿದು ಪಕ್ಕದಿಂದ ತೆಗೆಯಿರಿ, ಮೂತಿಯಿಂದ ಬಾಲದ ತುದಿಯವರೆಗೆ ಬರಬೇಕು. ಆಮೇಲೆ ಹೆಗಲು, ಕಿವಿಯ ಸುತ್ತ, ಗಂಟಲು. ಕಿವಿಯ ಮೇಲೆ ಎರಡು ಸಣ್ಣ ಮುಳ್ಳಿನ ಗೊಂಚಲು ಇದ್ದರೆ ಅದೂ ಬೇಕು. ಕಣ್ಣಿಗೆ ಮುಚ್ಚುವ ರೆಪ್ಪೆ ಇಲ್ಲದಿದ್ದರೆ ಅದು ಹೆಚ್ಚಾಗಿ ಮನೆಹಲ್ಲಿಯ ಗುಂಪಿನದು. ಅದರಲ್ಲಿ ಜಾತಿ ಹೇಳಲು ಬೆರಳಿನ ಅಡಿಭಾಗ ನೋಡಬೇಕು. ರಾತ್ರಿ ಕಿಟಕಿ ಗಾಜಿನ ಮೇಲೆ ಕೂತಾಗ ಒಳಗಿನಿಂದ ತೆಗೆದರೆ ಸಲೀಸಾಗಿ ಸಿಗುತ್ತದೆ, ಹಿಡಿಯುವುದೇ ಬೇಡ. ಬಾಲದ ಉದ್ದ ನೆಚ್ಚಿಕೊಳ್ಳಬೇಡಿ. ಹಲ್ಲಿ, ಹಾವುರಾಣಿ ಬಾಲ ಉದುರಿಸಿ ಮತ್ತೆ ಬೆಳೆಸುತ್ತವೆ, ಹೊಸ ಬಾಲದ ಹುರುಪೆಯೇ ಬೇರೆ ಥರ ಇರುತ್ತದೆ.

ಗುರುತು ಹಿಡಿಯಲು ಯಾವ ಆ್ಯಪ್ ಅಂತಲೂ ಕೇಳಿದ್ದೀರಿ. ಕಂಡ ಜೀವಿಗಳ ಫೋಟೋ ಹಾಕಿ ಹೆಸರು ಕೇಳುವ ಐನ್ಯಾಚುರಲಿಸ್ಟ್ ಹಾಕಿಕೊಳ್ಳಿ, ಅಂಥದ್ದೇ ಜಾಲತಾಣ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೂ ಫೋಟೋ ಹಾಕಬಹುದು. ಆದರೆ ಆ್ಯಪ್ ತಾನೇ ಸೂಚಿಸಿದ ಹೆಸರನ್ನು ಒಪ್ಪಿ ಮುಗಿಸಬೇಡಿ, ಯಾರಾದರೂ ಬಲ್ಲವರು ನೋಡುವವರೆಗೆ ಕಾಯಿರಿ. ಹೆಸರುಗಳೂ ನಿಂತಲ್ಲೇ ನಿಂತಿಲ್ಲ. ಎಲ್ಲೆಡೆ ಒಂದೇ ಅಂದುಕೊಂಡಿದ್ದ ಓತಿಕ್ಯಾತವನ್ನೇ 2021ರಲ್ಲಿ ಒಡೆದು ಕೆಲವು ಜಾತಿ ಮಾಡಿದ್ದಾರೆ. ಊರು, ತಾರೀಕು ಸಹಿತ ಫೋಟೋ ಇದ್ದರೆ ನಾಳೆ ಹೆಸರು ಬದಲಾದರೂ ಅದು ಕೆಲಸಕ್ಕೆ ಬರುತ್ತದೆ.

ಮೊಬೈಲ್ ತುಂಬಿದರೆ ಮದುವೆಯ ವಿಡಿಯೋಗಳನ್ನು ಪೆನ್‌ಡ್ರೈವ್‌ಗೆ ಹಾಕಿ, ಮಂಕು ಓತಿಗಳ ಫೋಟೋ ಒಂದನ್ನೂ ಅಳಿಸಬೇಡಿ. ಬೆಳಗ್ಗೆ ಓತಿಗಳು ಬಿಸಿಲಿಗೆ ಮೈ ಕಾಯಿಸಲು ಬಂದು ಕೂರುತ್ತವೆ, ಆಗ ಹತ್ತಿರ ಹೋದರೂ ಬೇಗ ಓಡುವುದಿಲ್ಲ. ಮೂರರದ್ದೂ ಪಕ್ಕದಿಂದ ತೆಗೆದು ಇಲ್ಲೇ ಕೆಳಗೆ ಹಾಕಿ, ನೋಡಿ ಹೇಳುತ್ತೇನೆ.