ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಆ ದನಿ ಕಾಯುವುದಿಲ್ಲ

ಓದುಗರ ಪತ್ರ: "ನನ್ನ ಮಗನಿಗೆ 9 ವರ್ಷ, ನಾಲ್ಕನೇ ಕ್ಲಾಸು. ಕಳೆದ ಕ್ರಿಸ್‌ಮಸ್‌ಗೆ ಸಂತ ಫಿಲೋಮಿನಾ ಚರ್ಚಿನ ನಡುರಾತ್ರಿ ಪೂಜೆಗೆ ಹೋಗಿದ್ದೆವು. ಅವತ್ತಿನಿಂದ ಕ್ವಾಯರ್‌ಗೆ, ಅಂದರೆ ಚರ್ಚಿನ ಹಾಡುವ ತಂಡಕ್ಕೆ, ಸೇರಿಸು ಅಂತ ಒಂದೇ ಹಟ. ಕೇಂಬ್ರಿಜ್‌ನ ಹುಡುಗರು ಬಿಳಿ ನಿಲುವಂಗಿ ಹಾಕಿಕೊಂಡು ಹಾಡುವ ವಿಡಿಯೋವನ್ನು ದಿನಾ ನೋಡುತ್ತಾನೆ. ಯಜಮಾನರು 'ಎಸ್ಸೆಸ್ಸೆಲ್ಸಿ ಮುಗೀಲಿ, ಆಮೇಲೆ ಎಷ್ಟು ಬೇಕಾದ್ರೂ ಹಾಡ್ಲಿ' ಅನ್ನುತ್ತಾರೆ. ಅತ್ತೆಗೆ ಗಂಟಲು ಹಾಳಾಗುತ್ತೆ ಅನ್ನೋ ಭಯ. ಪಕ್ಕದ ಬೀದಿಯಲ್ಲಿ ಆರು ತಿಂಗಳಿಂದ ಕಲಿಯುತ್ತಿರುವ ಕರ್ನಾಟಕ ಸಂಗೀತದ ಸರಳೆ ವರಸೆಯೂ ಕೆಡುತ್ತೆ ಅಂತಾರೆ. ಸ್ಕೂಲಿನಲ್ಲಿ ಹುಡುಗರು 'ಹುಡುಗಿ ಥರ ಹಾಡ್ತೀಯ' ಅಂತ ರೇಗಿಸುತ್ತಾರೆ. ಏನು ಮಾಡಲಿ?" – ಒಬ್ಬ ತಾಯಿ, ಗಾಂಧಿನಗರ, ಮೈಸೂರು

ಪ್ರಿಯ ಸೋದರಿ,

ಉತ್ತರ ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಸೇರಿಸಿ. ಈ ವರ್ಷವೇ ಸೇರಿಸಿ.

ನಿಮ್ಮ ಯಜಮಾನರ ಕಾಳಜಿ ನನಗೆ ಅರ್ಥವಾಗುತ್ತದೆ. ಮಗ ಚೆನ್ನಾಗಿ ಓದಲಿ ಅಂತ ಬಯಸದ ಅಪ್ಪ ಯಾರಿದ್ದಾರೆ? ಆದರೆ ಅವರ ಲೆಕ್ಕದಲ್ಲಿ ಒಂದು ವಿಷಯ ಬಿಟ್ಟುಹೋಗಿದೆ. ಎಸ್ಸೆಸ್ಸೆಲ್ಸಿ ಮುಗಿಯುವ ಹೊತ್ತಿಗೆ ಹುಡುಗನಿಗೆ ಹದಿನೈದೋ ಹದಿನಾರೋ ಆಗಿರುತ್ತದೆ. ಆಗ ಅವನು ಹಾಡಬಹುದು, ನಿಜ. ಆದರೆ ಈಗಿರುವ ದನಿಯಲ್ಲಿ ಅಲ್ಲ. ಈ ದನಿ ಅಷ್ಟರಲ್ಲಿ ಹೋಗಿಬಿಟ್ಟಿರುತ್ತದೆ.

ಗಂಡುಮಕ್ಕಳಿಗೆ ಹನ್ನೆರಡು ಹದಿಮೂರರ ಸುಮಾರಿಗೆ ಧ್ವನಿಪೆಟ್ಟಿಗೆ ದೊಡ್ಡದಾಗುತ್ತದೆ. ಒಳಗಿನ ಧ್ವನಿತಂತುಗಳು ಉದ್ದವಾಗುತ್ತವೆ, ದಪ್ಪವಾಗುತ್ತವೆ. ವೀಣೆಯಲ್ಲಿ ಮಂದ್ರದ ತಂತಿ ದಪ್ಪಗಿರುತ್ತದಲ್ಲ, ಹಾಗೆ. ಮಾತಿನ ದನಿ ಸುಮಾರು ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಹೆಣ್ಣುಮಕ್ಕಳ ದನಿಯೂ ಬದಲಾಗುತ್ತದೆ, ಆದರೆ ಇಷ್ಟೊಂದು ಇಳಿಯುವುದಿಲ್ಲ. ಅಂದರೆ ನಿಮ್ಮ ಮಗನ ಕೈಯಲ್ಲಿರುವುದು ಹೆಚ್ಚೆಂದರೆ ನಾಲ್ಕು ವರ್ಷ. ಅದರಲ್ಲಿ ಮೊದಲ ವರ್ಷ ಕಲಿಯುವುದಕ್ಕೇ ಹೋಗುತ್ತದೆ.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ನಾನೂ ಹಾಡುತ್ತಿದ್ದೆ. ಮಂಡ್ಯ ಕಡೆಯ ಒಂದು ಚಿಕ್ಕ ಚರ್ಚು. ಒಂದು ಹಾರ್ಮೋನಿಯಂ, ಹನ್ನೆರಡು ಜನ, ಕೈಯಲ್ಲಿ ಬರೆದುಕೊಂಡ ಹಾಡಿನ ಪುಸ್ತಕ. ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಿ ಪೆನ್ಸಿಲ್ಲಿನಲ್ಲಿ ಒಂದು ಚಿಕ್ಕ ಗೆರೆ. ಏಳನೇ ಕ್ಲಾಸಿಗೆ ಬಂದಾಗ ಅಪ್ಪ ಬಿಡಿಸಿದರು. ಆಗ ಏಳನೇ ಕ್ಲಾಸಿಗೆ ಪಬ್ಲಿಕ್ ಪರೀಕ್ಷೆ ಇತ್ತು. ಲೆಕ್ಕದ ಮನೆಪಾಠ ಹಾಡಿನ ಹೊತ್ತಿಗೇ ಬಂತು. "ಪರೀಕ್ಷೆ ಆಗ್ಲಿ, ಮತ್ತೆ ಹೋಗುವೆಯಂತೆ" ಅಂದರು.

ಪರೀಕ್ಷೆ ಆಯಿತು. ರಜೆ ಕಳೆದು ಜೂನ್ ತಿಂಗಳಲ್ಲಿ ಓಡಿಹೋದೆ. ಮೊದಲ ಹಾಡಿನ ಮೇಲಿನ ಸ್ವರಕ್ಕೆ ಬಾಯಿ ತೆರೆದೆ. ದನಿ ಒಡೆದು ಎರಡಾಯಿತು. ಯಾರೂ ನಗಲಿಲ್ಲ. ಮೇಷ್ಟ್ರು ಬಂದು ಭುಜದ ಮೇಲೆ ಕೈಯಿಟ್ಟು, "ಹಿಂದಿನ ಸಾಲಿಗೆ ಬಾಪ್ಪ" ಅಂದರು. ಆಮೇಲೆ ಇಪ್ಪತ್ತು ವರ್ಷ ಆ ಹಿಂದಿನ ಸಾಲಿನಲ್ಲಿ ಗಂಡಸರ ಜೊತೆ ಕೆಳಗಿನ ಸ್ವರ ಹಾಡಿದ್ದೇನೆ. ಅದೂ ಸಂತೋಷವೇ. ಆದರೆ ಆ ಎಳೆ ದನಿಯ ಕೊನೆಯ ವರ್ಷ ಟ್ಯೂಷನ್ನಿನಲ್ಲಿ ಕಳೆದುಹೋಯಿತು. ಅದು ಕೊನೆಯ ವರ್ಷ ಅಂತ ಅಪ್ಪನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅವರಿಗೆ ಹೇಳುವವರು ಯಾರೂ ಇರಲಿಲ್ಲ. ಅದಕ್ಕೇ ನಿಮಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ವಿಯೆನ್ನಾದ ಫ್ರಾಂಜ್ ಶೂಬರ್ಟ್ ಹೆಸರು ಕೇಳಿರಬಹುದು. ಮುಂದೆ ಆರುನೂರಕ್ಕೂ ಜಾಸ್ತಿ ಹಾಡುಗಳಿಗೆ ಸಂಗೀತ ಕೊಟ್ಟವನು. 1808ರಲ್ಲಿ, 11 ವರ್ಷದವನಿದ್ದಾಗ, ಅಲ್ಲಿನ ಅರಮನೆಯ ಪ್ರಾರ್ಥನಾ ಮಂದಿರದ ಕ್ವಾಯರ್‌ಗೆ ಸೇರಿದ. ನಾಲ್ಕು ವರ್ಷದ ನಂತರ ತನ್ನ ಸ್ವರದ ಹಾಳೆಯ ಮೇಲೆ ಒಂದು ಸಾಲು ಬರೆದಿಟ್ಟ. ಶೂಬರ್ಟ್ ಫ್ರಾಂಜ್ ಕೊನೆಯ ಸಲ ಕೂಗಿದ, 1812 ಜುಲೈ 26. ಹುಂಜ ಕೂಗುವುದಕ್ಕೆ ಅವರ ಭಾಷೆಯಲ್ಲಿ ಯಾವ ಮಾತಿದೆಯೋ ಆ ಮಾತನ್ನೇ ಬರೆದಿದ್ದಾನೆ. ಹದಿನೈದು ವರ್ಷದ ಹುಡುಗ ತಾರೀಖು ಹಾಕಿ ಬರೆದುಕೊಂಡಿದ್ದಾನೆ ಅಂದರೆ ನೋಡಿ. ಆ ಕಾಲದಲ್ಲಿ ಹುಡುಗರ ದನಿ ಈಗಿನದಕ್ಕಿಂತ ತಡವಾಗಿ ಒಡೆಯುತ್ತಿತ್ತು. ಇನ್ನೊಬ್ಬ ದೊಡ್ಡ ಸಂಗೀತಗಾರ ಹೈಡನ್ ಅದೇ ಊರಿನ ಸಂತ ಸ್ಟೀಫನ್ ಕ್ಯಾಥೆಡ್ರಲ್ ಚರ್ಚಿನ ಕ್ವಾಯರ್‌ಗೆ 8 ವರ್ಷಕ್ಕೆ ಸೇರಿ, 1749ರಲ್ಲಿ 17 ವರ್ಷದವನಾಗಿ ಹೊರಗೆ ಬಂದ. ಈಗಿನ ಮಕ್ಕಳಿಗೆ ಅಷ್ಟು ಕಾಲ ಸಿಗುವುದಿಲ್ಲ.

ಇನ್ನು ಅತ್ತೆಯವರ ಭಯ. ಗಂಟಲು ಹಾಳಾಗುವುದು ಕಿರುಚುವುದರಿಂದ. ಸರಿಯಾಗಿ ಹಾಡಿದರೆ ಹಾಳಾಗುವುದಿಲ್ಲ. ಬೀದಿ ಕ್ರಿಕೆಟ್‌ನಲ್ಲಿ ಔಟ್ ಔಟ್ ಅಂತ ಅರಚಿದರೆ ಆಗುವ ಪೆಟ್ಟು ಕ್ವಾಯರ್‌ನಲ್ಲಿ ಆಗಬಾರದು. ಒಳ್ಳೆಯ ಕ್ವಾಯರ್ ಮೇಷ್ಟ್ರು ಮಕ್ಕಳಿಗೆ ಜೋರಾಗಿ ಹಾಡು ಅನ್ನುವುದಕ್ಕಿಂತ ಮೆಲ್ಲಗೆ ಹಾಡು ಅನ್ನುವುದೇ ಜಾಸ್ತಿ. ಶುರುವಿನಲ್ಲಿ ಬಾಯಿ ಮುಚ್ಚಿ ಗುನುಗಿಸುತ್ತಾರೆ. ಪುಟ್ಟ ಮಕ್ಕಳು ಆಟದ ಗಾಡಿ ಓಡಿಸುವಾಗ ತುಟಿ ಅದುರಿಸಿ ಬುರ್ರ್ ಅನ್ನುತ್ತಾರಲ್ಲ, ಹಾಗೆ ಮಾಡಿಸುತ್ತಾರೆ. ಗಂಟಲು ಸಡಿಲವಾಗುವುದಕ್ಕೆ ಅದು ಬಲು ಒಳ್ಳೆಯದು. ನೀವು ಹೋಗಿ ಒಂದು ಅಭ್ಯಾಸ ನೋಡಿ. ಇನ್ನೂ ಜೋರಾಗಿ, ಇನ್ನೂ ಜೋರಾಗಿ ಅಂತ ಮಕ್ಕಳನ್ನು ಕೂಗಿಸುತ್ತಿದ್ದರೆ ಅಲ್ಲಿಗೆ ಕಳಿಸಬೇಡಿ. ನೆಗಡಿ ಕೆಮ್ಮು ಇದ್ದಾಗ ಹಾಡಿಸುವುದು ಬೇಡ. ದನಿ ಕಟ್ಟಿದ್ದು ಎರಡು ಮೂರು ವಾರವಾದರೂ ಬಿಡದಿದ್ದರೆ ಕಿವಿ ಮೂಗು ಗಂಟಲಿನ ಡಾಕ್ಟರಿಗೆ ತೋರಿಸಿ.

ಸರಳೆ ವರಸೆ ಕೆಡುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಆರು ತಿಂಗಳು ಶ್ರುತಿಪೆಟ್ಟಿಗೆ ಮುಂದೆ ಕೂತ ಮಗು ಕ್ವಾಯರ್‌ಗೆ ಅರ್ಧ ತಯಾರಾಗಿಯೇ ಬರುತ್ತದೆ. ಅವನಿಗೆ ಈಗ ಬರುವುದು ಮಾಯಾಮಾಳವಗೌಳ ರಾಗ. ಕ್ವಾಯರ್‌ನಲ್ಲಿ ಮೊದಲು ಸಿಗುವುದು ಡೋ ರೆ ಮಿ. ಅದು ನಮ್ಮ ಶಂಕರಾಭರಣ ರಾಗದ ಸ್ವರಗಳೇ. ಎರಡನ್ನೂ ಹಾರ್ಮೋನಿಯಂ ಮೇಲೆ ನುಡಿಸಿ ತೋರಿಸಿದರೆ ಹುಡುಗನಿಗೆ ಐದು ನಿಮಿಷದಲ್ಲಿ ಹೊಳೆಯುತ್ತದೆ. ಒಂದೇ ಒಂದು ಎಚ್ಚರ ಬೇಕು. ಕ್ವಾಯರ್‌ನಲ್ಲಿ ಸ್ವರವನ್ನು ಅಲುಗಿಸದೆ ನೇರವಾಗಿ ನಿಲ್ಲಿಸಬೇಕು. ಅಲ್ಲಿ ಗಮಕ ಹಾಕಿದರೆ ಪಕ್ಕದವರ ಸ್ವರಕ್ಕೆ ತಗಲುತ್ತದೆ. ಮಕ್ಕಳು ಇದನ್ನು ಬೇಗ ಹಿಡಿಯುತ್ತಾರೆ. ಮನೆಯಲ್ಲಿ ಒಂದು ಭಾಷೆ, ಸ್ಕೂಲಿನಲ್ಲಿ ಒಂದು ಭಾಷೆ ಆಡುವುದಿಲ್ಲವಾ?

ಇದಕ್ಕೆ ನಮ್ಮ ಊರಿನಲ್ಲೇ ದೊಡ್ಡ ಉದಾಹರಣೆ ಇದೆ. ಜಯಚಾಮರಾಜೇಂದ್ರ ಒಡೆಯರ್ ಕರ್ನಾಟಕ ಸಂಗೀತದಲ್ಲಿ ತೊಂಬತ್ತಕ್ಕೂ ಹೆಚ್ಚು ಕೃತಿ ರಚಿಸಿದವರು. ಅವರೇ ಪಿಯಾನೋ ಕಲಿತು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪಡೆದಿದ್ದರು. ಜರ್ಮನಿಯ ಸಂಗೀತಗಾರ ರಿಚರ್ಡ್ ಸ್ಟ್ರಾಸ್ ಬರೆದ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಸಲ ಕೇಳಿಬಂದಾಗ, ಆ ಕಛೇರಿಯ ಖರ್ಚಿಗೆ ಬೆನ್ನಿಗೆ ನಿಂತವರು ನಮ್ಮ ಮಹಾರಾಜರು. ಒಂದೇ ಕಿವಿಯಲ್ಲಿ ಎರಡೂ ಸಂಗೀತ ಹಿಡಿಸಿದ್ದವು. ಅತ್ತೆಯವರಿಗೆ ಇದನ್ನು ಓದಿ ಹೇಳಿ.

ರೇಗಿಸುವ ಹುಡುಗರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಮಗನಿಗೆ ಇಷ್ಟು ಹೇಳಿ. ಜರ್ಮನಿಯ ಲೈಪ್‌ಜಿಗ್‌ನ ಸಂತ ಥಾಮಸ್ ಕ್ವಾಯರ್‌ನಲ್ಲಿ 1212ರಿಂದ ಹುಡುಗರು ಹಾಡುತ್ತಿದ್ದಾರೆ. ಹೆಸರಾಂತ ಸಂಗೀತಗಾರ ಬಾಖ್ 1723ರಿಂದ ಸಾಯುವವರೆಗೆ ಅಲ್ಲಿ ಮೇಷ್ಟ್ರಾಗಿದ್ದು, ಆ ಮೇಲಿನ ಸ್ವರಗಳನ್ನು ಬರೆದಿದ್ದು ಇಂಥ ಹುಡುಗರಿಗೇ. ಅದು ಹುಡುಗಿಯ ದನಿ ಅಲ್ಲ, ಹುಡುಗನದೇ ದನಿ. ಇನ್ನೊಂದು ಮಾತೂ ಹೇಳಬೇಕು. ಹುಡುಗಿ ಥರ ಹಾಡುವುದು ಬೈಗುಳ ಹೇಗಾಗುತ್ತದೆ? ಇಂಗ್ಲೆಂಡಿನ ಕ್ಯಾಥೆಡ್ರಲ್‌ಗಳಲ್ಲಿ ಹುಡುಗಿಯರದೇ ಕ್ವಾಯರ್ ಮೊದಲು ಶುರುವಾಗಿದ್ದು 1991ರಲ್ಲಿ, ಸಾಲ್ಸ್‌ಬರಿಯಲ್ಲಿ. ನಾನು ಹಾಡಿದ ಚಿಕ್ಕ ಚರ್ಚಿನಲ್ಲಿ ಅದಕ್ಕೂ ಎಷ್ಟೋ ಮುಂಚೆ ಮುಂದಿನ ಸಾಲಿನ ಅರ್ಧ ಹೆಣ್ಣುಮಕ್ಕಳೇ ಇದ್ದರು. ಅವರಿಲ್ಲದಿದ್ದರೆ ನಮ್ಮ ಹಾಡೇ ಏಳುತ್ತಿರಲಿಲ್ಲ.

ಅವನು ನೋಡುವ ವಿಡಿಯೋ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನದು ಇರಬೇಕು. ಅಲ್ಲಿ 16 ಹುಡುಗರು. ಹದಿನೈದನೇ ಶತಮಾನದಲ್ಲಿ ಆರನೇ ಹೆನ್ರಿ ರಾಜ ಗೊತ್ತುಮಾಡಿದ ಸಂಖ್ಯೆ ಅದು. 1918ರಿಂದ ಕ್ರಿಸ್‌ಮಸ್‌ನ ಹಿಂದಿನ ದಿನ ಅಲ್ಲಿ ಒಂದು ದೊಡ್ಡ ಪ್ರಾರ್ಥನೆ ನಡೆಯುತ್ತದೆ. ಮೊದಲ ಚರಣವನ್ನು ಒಬ್ಬನೇ ಹುಡುಗ, ಯಾವ ವಾದ್ಯವೂ ಇಲ್ಲದೆ ಹಾಡುತ್ತಾನೆ. ಯಾರು ಅಂತ ಕೊನೆಗಳಿಗೆಯಲ್ಲಿ ಬೆರಳು ತೋರಿಸುವ ರೂಢಿ ಅಲ್ಲಿ ಬಂದಿದೆ. ಹಾಗಾಗಿ ಕೆಲವರು ತಯಾರಾಗಿಯೇ ನಿಂತಿರುತ್ತಾರೆ, ರಾತ್ರಿಯೆಲ್ಲ ಹೆದರಿಕೊಂಡು ಕೂರುವುದಕ್ಕೆ ಯಾರಿಗೂ ಪುರಸೊತ್ತು ಸಿಗುವುದಿಲ್ಲ. ಈ ಮಾತು ನಿಮ್ಮ ಮಗನಿಗೆ ತುಂಬಾ ಹಿಡಿಸುತ್ತದೆ ಅಂತ ನನಗನಿಸುತ್ತದೆ.

ಆದರೆ ಒಂದು ವಿಷಯ ಅವನಿಗೆ ಮೊದಲೇ ಹೇಳಿಬಿಡಿ. ಅಲ್ಲಿ ಎಂಟರಿಂದ ಹದಿಮೂರರ ಹುಡುಗರು ಕ್ವಾಯರ್ ಶಾಲೆಯಲ್ಲಿ ಓದುತ್ತಾ, ವಾರದಲ್ಲಿ ಬಹುಪಾಲು ದಿನ ಸಂಜೆ ಪ್ರಾರ್ಥನೆಗೆ ಹಾಡುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಹಾಡುವವರೆಲ್ಲ ಊರಿನವರೇ. ಆಫೀಸು ಮುಗಿಸಿ ಬರುವವರು, ಕಾಲೇಜಿನ ಮಕ್ಕಳು, ಅಡುಗೆ ಮಾಡಿಟ್ಟು ಬರುವ ಅಮ್ಮಂದಿರು. ಭಾನುವಾರದ ಪೂಜೆ, ಹಬ್ಬದ ಪೂಜೆ, ವಾರದಲ್ಲಿ ಸ್ವಲ್ಪ ಅಭ್ಯಾಸ. ಬಿಳಿ ನಿಲುವಂಗಿ ಸಿಗದೇ ಇರಬಹುದು. ಅದಕ್ಕೆ ಬೇಜಾರು ಮಾಡಿಕೊಳ್ಳುವುದು ಬೇಡ.

ಅವನಿಗೆ ಸಿಗುವುದು ಬೇರೆಯೇ ಇದೆ. ಭಜನೆಯಲ್ಲಿ ಎಲ್ಲರದ್ದೂ ಒಂದೇ ಧಾಟಿ. ಕ್ವಾಯರ್‌ನಲ್ಲಿ ನಾಲ್ಕು ಧಾಟಿ ಒಟ್ಟಿಗೆ ನಡೆಯುತ್ತವೆ. ಮೊದಮೊದಲು ಮಕ್ಕಳು ಕಿವಿ ಮುಚ್ಚಿಕೊಂಡು ತಮ್ಮದನ್ನಷ್ಟೇ ಹಾಡುತ್ತಾರೆ. ಆಮೇಲೆ ಒಂದು ದಿನ ಕೈ ಕೆಳಗಿಳಿಯುತ್ತದೆ. ಪಕ್ಕದವನ ಸ್ವರ ಕೇಳುತ್ತಲೇ ತನ್ನದನ್ನೂ ಬಿಡದೆ ಹಾಡುತ್ತಾನೆ. ತನ್ನ ದನಿ ತನಗೆ ಬೇರೆಯಾಗಿ ಕೇಳಿಸುವುದು ನಿಂತುಹೋಗುತ್ತದೆ. ಆ ದಿನ ಅವನ ಮುಖ ನೋಡಿ. ನನಗೆ ಆ ಸಂಜೆ ಇವತ್ತಿಗೂ ನೆನಪಿದೆ. ಹೊರಗೆ ಆಲೆಮನೆಯ ಬೆಲ್ಲದ ವಾಸನೆ ಇತ್ತು.

ಇನ್ನು ಸಂತ ಫಿಲೋಮಿನಾದಂಥ ಕಡೆ ಹಾಡುವುದೆಂದರೆ ಕಟ್ಟಡವೂ ನಿಮ್ಮ ಜೊತೆ ಹಾಡುತ್ತದೆ. 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದ ಚರ್ಚು ಅದು. ಜರ್ಮನಿಯ ಕೊಲೋನ್ ಕ್ಯಾಥೆಡ್ರಲ್‌ನಿಂದ ಸ್ಫೂರ್ತಿ ಪಡೆದದ್ದು. ಅವಳಿ ಗೋಪುರ 175 ಅಡಿ. ಒಳಗೆ ಅಷ್ಟೆತ್ತರದ ಛಾವಣಿ, ಗಟ್ಟಿ ಗೋಡೆ. ಹಾಡು ನಿಲ್ಲಿಸಿದ ಮೇಲೂ ದನಿ ಮೇಲೆ ತೇಲುತ್ತಿರುತ್ತದೆ. ಅದಕ್ಕೇ ಅಂಥ ಕಡೆ ಅವಸರ ಮಾಡಬಾರದು, ವ್ಯಂಜನಗಳನ್ನು ಸ್ಪಷ್ಟವಾಗಿ ನುಡಿಯಬೇಕು. ಇಲ್ಲದಿದ್ದರೆ ಒಂದು ಮಾತಿನ ಮೇಲೆ ಇನ್ನೊಂದು ಮಾತು ಬಿದ್ದು ಕಲಸಿಹೋಗುತ್ತದೆ.

ಇದರಲ್ಲಿ ನಮ್ಮ ಕನ್ನಡಕ್ಕೆ ಒಂದು ಭಾಗ್ಯವಿದೆ. ಇಂಗ್ಲಿಷ್ ಹಾಡಿನ ಸಾಲಿನ ಕೊನೆಗೆ ಸ್ ಅಂತಲೋ ಟ್ ಅಂತಲೋ ಬಂದರೆ ಎಲ್ಲರೂ ಒಂದೇ ಕ್ಷಣದಲ್ಲಿ ಮುಗಿಸಬೇಕು. ಇಲ್ಲವಾದರೆ ಚರ್ಚಿನ ತುಂಬಾ ಸ್ಸ್ ಸ್ಸ್ ಅನ್ನುತ್ತದೆ. ಕನ್ನಡದ ಮಾತು ಬಹುಪಾಲು ಸ್ವರದಲ್ಲೇ ಮುಗಿಯುತ್ತದೆ. ಪ್ರಭುವೇ, ದಯೆ ತೋರು, ಬಾ ತಂದೆಯೇ. ಬಾಯಿ ತೆರೆದೇ ಇರುತ್ತದೆ, ದನಿ ತಾನಾಗಿ ಮೇಲಕ್ಕೆ ಹೋಗುತ್ತದೆ. ನಮ್ಮ ಅಜ್ಜಿಯರ ಕಾಲದಲ್ಲಿ ಪೂಜೆ ಲತೀನ್ ಭಾಷೆಯಲ್ಲಿತ್ತು. 1963ರ ಡಿಸೆಂಬರ್ 4ರಂದು ಕಥೋಲಿಕ ಧರ್ಮಸಭೆಯ ಎರಡನೇ ವ್ಯಾಟಿಕನ್ ಮಹಾಸಭೆ ಜನರ ಭಾಷೆಗೆ ಬಾಗಿಲು ತೆರೆದ ಮೇಲೆ ಕನ್ನಡ ಆ ಛಾವಣಿಯ ಕೆಳಗೆ ಪೂಜೆಯ ಭಾಷೆಯಾಯಿತು. ನಿಮ್ಮ ಮಗ ಇಂಗ್ಲಿಷ್ ಕ್ಯಾರಲ್ ಕಲಿಯಲಿ, ಖಂಡಿತ ಕಲಿಯಲಿ. ಆದರೆ ಮೊದಲು ಕನ್ನಡ ಪೂಜೆಯ ಕ್ವಾಯರ್‌ನಲ್ಲಿ ನಿಲ್ಲಲಿ ಅನ್ನುವುದು ನನ್ನ ಆಸೆ.

ಈಸ್ಟರ್‌ಗೆ ಮುಂಚಿನ ಪವಿತ್ರ ವಾರದವರೆಗೆ ಅವನನ್ನು ಬಿಡಿಸಬೇಡಿ. ಪವಿತ್ರ ಗುರುವಾರ ಗ್ಲೋರಿಯಾ ಎಂಬ ಸ್ತುತಿಗೀತೆ ಆದ ಮೇಲೆ ಗಂಟೆ ಬಾರಿಸುವುದಿಲ್ಲ. ವಾದ್ಯಗಳೂ ಸುಮ್ಮನಾಗುತ್ತವೆ, ಹೆಚ್ಚೆಂದರೆ ಹಾಡಿಗೆ ಆಸರೆಯಾಗಿ ಸಣ್ಣಗೆ ನುಡಿಯಬಹುದು. ಈಸ್ಟರ್‌ನ ಹಿಂದಿನ ರಾತ್ರಿಯ ಪಾಸ್ಕ ಜಾಗರಣೆಯ ಗ್ಲೋರಿಯಾದವರೆಗೆ ಮನುಷ್ಯರ ದನಿಯೇ ಎಲ್ಲ. ಆಮೇಲೆ ಎಲ್ಲ ಗಂಟೆಗಳೂ ಒಟ್ಟಿಗೆ ಬಾರಿಸುತ್ತವೆ. ಆ ಮೂರು ದಿನ ಹಾಡಿದ ಮಗು ಅದನ್ನು ಮರೆಯುವುದಿಲ್ಲ.

ಯಜಮಾನರಿಗೆ ಒಂದು ಮಾತು. ಹಾಡಿದರೆ ಮಾರ್ಕ್ಸ್ ಜಾಸ್ತಿ ಬರುತ್ತೆ ಅಂತ ನಾನು ಹೇಳುವುದಿಲ್ಲ. ಆ ಆಸೆ ಇಟ್ಟುಕೊಂಡು ಸೇರಿಸುವುದೂ ಬೇಡ. ವಾರಕ್ಕೆ ಎರಡು ಮೂರು ಗಂಟೆ ಹೋಗುತ್ತದೆ, ಹಬ್ಬದ ಮುಂಚೆ ಇನ್ನೂ ಸ್ವಲ್ಪ ಜಾಸ್ತಿ. ಪರೀಕ್ಷೆ ವಾರದಲ್ಲಿ ಬಿಡುವು ಕೇಳಬಹುದು. ನಾಲ್ಕನೇ ಕ್ಲಾಸಿನ ಮಗುವಿಗೆ ಇದು ಹೊರೆಯಲ್ಲ.

ಬರುವ ಭಾನುವಾರ ಪೂಜೆ ಮುಗಿದ ಮೇಲೆ ಅಲ್ಲೇ ನಿಲ್ಲಿ. ಕ್ವಾಯರ್ ನೋಡಿಕೊಳ್ಳುವವರನ್ನು ಕಂಡು ಕೇಳಿ, ಧರ್ಮಕೇಂದ್ರದ ಗುರುಗಳಿಗೂ ತಿಳಿಸಿ. ಸಾಮಾನ್ಯವಾಗಿ ಗೊತ್ತಿರುವ ಒಂದು ಹಾಡು ಹಾಡಿಸುತ್ತಾರೆ. ಒಂದು ಸ್ವರ ನುಡಿಸಿ ಇದನ್ನು ಹಾಡು ಅನ್ನಬಹುದು, ಚಪ್ಪಾಳೆ ತಟ್ಟಿ ಹಾಗೇ ತಟ್ಟು ಅನ್ನಬಹುದು. ಪಾಶ್ಚಾತ್ಯ ಸ್ವರಲಿಪಿ ಓದಲು ಬರಬೇಕಾಗಿಲ್ಲ, ಅದನ್ನು ಅಲ್ಲೇ ಕಲಿಯಬಹುದು. ಮೊದಲ ಒಂದೆರಡು ತಿಂಗಳು ಅಭ್ಯಾಸದ ಹೊತ್ತಿಗೆ ನೀವೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ. ಮಕ್ಕಳ ಜೊತೆ ಯಾರಿರುತ್ತಾರೆ, ಎಷ್ಟು ಹೊತ್ತಿಗೆ ಬಿಡುತ್ತಾರೆ ಅಂತ ಸಂಕೋಚವಿಲ್ಲದೆ ಕೇಳಿ. ತಾಯಿ ಕೂರುವುದು ಬೇಡ ಅನ್ನುವ ಕ್ವಾಯರ್ ಆದರೆ ಬೇರೆ ಕಡೆ ನೋಡಿ.

ಚೀಲದಲ್ಲಿ ಒಂದು ಬಾಟಲಿ ನೀರು ಇಡಿ, ತಣ್ಣಗಿನದು ಬೇಡ. ಒಂದು ಪೆನ್ಸಿಲ್ಲೂ ಇಡಿ, ಉಸಿರಿನ ಗೆರೆ ಹಾಕಿಕೊಳ್ಳುವುದಕ್ಕೆ.

– ಸಂಪಾದಕ