ಮೊಂಬಾಸಾದಲ್ಲಿ ಹಡಗು ನಿಲ್ಲುವ ಒಂದು ದಿನ: ಸಫಾರಿ ಬಿಡಿ, ಕ್ವಾರಿಯ ಕಾಡು ನೋಡಿ

ಅಕ್ಕ, ನಮ್ಮ ಕಾಫಿ ಬೆಳೆಗಾರರ ಗುಂಪಿನಲ್ಲಿ ನಿಮ್ಮ ಪ್ರಶ್ನೆ ಓದಿದೆ. ಕ್ರೂಸ್ ಹಡಗು ಕೀನ್ಯಾದ ಬಂದರು ಊರಾದ ಮೊಂಬಾಸಾದಲ್ಲಿ ಬೆಳಗ್ಗೆ ಏಳಕ್ಕೆ ನಿಂತು ಸಂಜೆ ಐದೂವರೆಗೆ ಹೊರಡುತ್ತದೆ. ಹಡಗಿನವರು ತ್ಸಾವೋ ರಾಷ್ಟ್ರೀಯ ಉದ್ಯಾನದ ಸಫಾರಿ ಟಿಕೆಟ್ ಹಿಡಿದು ಹಿಂದೆ ಬಿದ್ದಿದ್ದಾರೆ. ನಿಮಗೆ ಕಾಫಿ ತೋಟ ನೋಡುವ ಆಸೆ, ಭಾವನವರಿಗೆ ಮಂಡಿ ನೋವು. ಜೊತೆಗೆ ನಾಲ್ಕು ಕಾಫಿ ಬೀಜ ತರಬಹುದಾ ಅಂತಲೂ ಕೇಳಿದ್ದೀರಿ. ಕೆಲಸದ ಮೇಲೆ ಕೆಲವು ವರ್ಷ ಆ ಊರಲ್ಲಿದ್ದವನು ನಾನು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲು ಕಾಫಿ ವಿಷಯ. ಮೊಂಬಾಸಾದಲ್ಲಿ ಕಾಫಿ ಗಿಡ ಸಿಗುವುದಿಲ್ಲ. ಅದು ಮಂಗಳೂರಿನಂಥ ಸೆಕೆಯ ಕರಾವಳಿ. ಕೀನ್ಯಾದ ಕಾಫಿ ಹೆಚ್ಚಾಗಿ ಬೆಳೆಯುವುದು ನೈರೋಬಿ ದಾಟಿ, ಮೌಂಟ್ ಕೀನ್ಯಾ ಸುತ್ತಿನ ಎತ್ತರದ ಕೆಂಪು ಮಣ್ಣಿನಲ್ಲಿ. ಒಂದು ದಿನದಲ್ಲಿ ಹೋಗಿ ಬರುವ ದೂರ ಅಲ್ಲವೇ ಅಲ್ಲ. ಆದರೆ ನಿಮಗೆ ಖುಷಿ ಕೊಡುವ ಒಂದು ಮಾತಿದೆ. ನಮ್ಮ ಹಿರಿಯರು ಬೆಳೆಸುತ್ತಿದ್ದ ಕೆಂಟ್ಸ್ ಇದೆಯಲ್ಲ, ಮೈಸೂರು ಸೀಮೆಯ ತೋಟದಲ್ಲಿ ಆರಿಸಿದ ತಳಿ, ಅದು ಅಲ್ಲಿಗೂ ಹೋಗಿದೆ. 

ಇನ್ನು ಸಫಾರಿ. ನನ್ನನ್ನು ಕೇಳಿದರೆ ಬೇಡ. ತ್ಸಾವೋ ಈಸ್ಟ್‌ನ ಹತ್ತಿರದ ಗೇಟೇ ಸುಮಾರು ನೂರು ಕಿಲೋಮೀಟರ್. ಆ ರಸ್ತೆ ನೈರೋಬಿ ಹೆದ್ದಾರಿ. ಬಂದರಿನಿಂದ ಉಗಾಂಡದವರೆಗೆ ಸರಕು ಹೊರುವ ಲಾರಿಗಳೆಲ್ಲ ಅದರ ಮೇಲೇ. ಹೋಗಿ ಬರುವುದರಲ್ಲೇ ಅರ್ಧ ದಿನ ಮುಗಿಯುತ್ತದೆ, ಮಧ್ಯಾಹ್ನದ ಬಿಸಿಲಿಗೆ ಪ್ರಾಣಿಗಳು ನೆರಳು ಹಿಡಿದಿರುತ್ತವೆ. ಮಂಡಿ ನೋವಿನವರನ್ನು ಅಷ್ಟು ಹೊತ್ತು ವ್ಯಾನಿನಲ್ಲಿ ಕುಲುಕಿಸಿ, ದೂರದಲ್ಲಿ ಆನೆ ಬೆನ್ನು ತೋರಿಸಿದರೆ ಏನು ಬಂತು? ನಾಗರಹೊಳೆ ಪಕ್ಕದಲ್ಲೇ ಇಟ್ಟುಕೊಂಡು ಅಷ್ಟು ಕಷ್ಟ ಪಡಬೇಡಿ.

ದೂರದ ಜಾಗ ಬೆಳಗ್ಗೆ, ಹಡಗಿನ ಹತ್ತಿರದ ಜಾಗ ಮಧ್ಯಾಹ್ನ. ಹೀಗೆ ಇಟ್ಟುಕೊಳ್ಳಿ. ಮೊಂಬಾಸಾ ಒಂದು ದ್ವೀಪ. ಹಡಗು ನಿಲ್ಲುವುದು ಪಶ್ಚಿಮದ ಕಿಲಿಂಡಿನಿಯಲ್ಲಿ, ಹಳೇ ಊರು ಪೂರ್ವಕ್ಕೆ. ಉತ್ತರಕ್ಕೆ ನ್ಯಾಲಿ ಸೇತುವೆ ದಾಟಿದರೆ ಬಂಬೂರಿ. ಬೆಳಗ್ಗೆ ಜನ ಊರೊಳಗೆ ಬರುತ್ತಿರುತ್ತಾರೆ, ನೀವು ಹೊರಗೆ ಹೋಗುತ್ತೀರಿ, ದಾರಿ ಬೇಗ ಸಾಗುತ್ತದೆ. ಸಂಜೆ ಆ ಸೇತುವೆ ಕಡೆ ಹೋಗಲೇಬೇಡಿ.

ಬಂಬೂರಿಯಲ್ಲಿ ನೋಡಬೇಕಾದ್ದು ಹಾಲರ್ ಪಾರ್ಕ್. ಟೂರಿನವರು ಇದನ್ನು ಜಿರಾಫೆಗೆ ತಿನ್ನಿಸುವ ಜಾಗ ಅಂತ ಹೇಳಿ ಮುಗಿಸುತ್ತಾರೆ. ತೋಟದವರು ನೋಡಬೇಕಾದ್ದು ಬೇರೆ. ಅದು ಸಿಮೆಂಟ್ ಕಾರ್ಖಾನೆಯ ಕಲ್ಲು ಕ್ವಾರಿ. ಹವಳದ ಸುಣ್ಣಕಲ್ಲು ತೆಗೆದು ತೆಗೆದು ಬರೀ ಬಿಳಿ ಬಂಡೆ ಉಳಿದಿತ್ತು. ಹಿಡಿ ಮಣ್ಣಿಲ್ಲ, ಸ್ವಲ್ಪ ಕೆದಕಿದರೆ ಉಪ್ಪು ನೀರು. 1971ರಲ್ಲಿ ರೆನೆ ಹಾಲರ್ ಎಂಬ ಸ್ವಿಸ್ ಕೃಷಿತಜ್ಞರು ಅಲ್ಲಿ 26 ಜಾತಿಯ ಗಿಡ ನೆಟ್ಟು ನೋಡಿದರು. ಬದುಕಿದ್ದು ಮೂರೇ. ಅವುಗಳಲ್ಲಿ ಕಾಡು ಕಟ್ಟಿದ್ದು ನಮ್ಮ ಗಾಳಿ ಮರ, ಅದೇ ಕ್ಯಾಸುರಿನ. ಹೊನ್ನಾವರ, ಕುಂದಾಪುರ ಕಡೆ ಕಡಲ ದಂಡೆಗೆ ನೆಡುತ್ತಾರಲ್ಲ, ಅದು. ಬೇರಿನ ಗಂಟಿನಲ್ಲಿರುವ ಸೂಕ್ಷ್ಮಜೀವಿ ಗಾಳಿಯ ಸಾರಜನಕ ಹಿಡಿದು ಕೊಡುವುದರಿಂದ ಬಂಡೆಯ ಮೇಲೂ ಅದು ಎದ್ದು ನಿಂತಿತು.

ಆದರೆ ಉದುರಿದ ಸೂಜಿ ಎಲೆ ಕೊಳೆಯಲೇ ಇಲ್ಲ. ಒಗರು ಜಾಸ್ತಿ, ಹಾಗೇ ಒಣಗಿ ಬಿದ್ದಿತ್ತು. ಆಗ ಹಾಲರ್ ಕಣ್ಣಿಗೆ ಬಿದ್ದದ್ದು ಕೆಂಪು ಕಾಲಿನ ಸಹಸ್ರಪದಿ, ನಮ್ಮ ಮಕ್ಕಳು ರೈಲು ಹುಳ ಅನ್ನುವಂಥದ್ದು. ಅದು ಆ ಎಲೆಯನ್ನೇ ತಿಂದು ಹಿಕ್ಕೆ ಹಾಕುತ್ತಿತ್ತು. ಅಂಥ ಹುಳಗಳನ್ನು ರಾಶಿ ರಾಶಿ ತಂದು ಬಿಟ್ಟರು. ಗೊಬ್ಬರ ಆಯಿತು, ಗೊಬ್ಬರದಲ್ಲಿ ಬೇರೆ ಗಿಡ ಬಂದವು, ಹಕ್ಕಿ ಬಂದವು. ಈಗ ಅಲ್ಲಿ ನಡೆಯುವಾಗ ಒಂದು ಕಡೆ ಬಗ್ಗಿ ತರಗು ಸರಿಸಿ ನೋಡಿ. ಮೇಲೆ ಕಂದು ಸೂಜಿ, ಅದರ ಕೆಳಗೆ ಕಾಫಿ ಪುಡಿ ಬಣ್ಣದ ಮಣ್ಣು ಒಂದಿಷ್ಟು, ಅದರ ಕೆಳಗೆ ನೇರ ಬಿಳಿ ಹವಳದ ಕಲ್ಲು. ಬೆರಳ ಗಾತ್ರದ ಕಪ್ಪು ಹುಳ ಕೆಂಪು ಕಾಲು ಆಡಿಸುತ್ತಾ ಅದರಲ್ಲೇ ಓಡಾಡುತ್ತಿರುತ್ತದೆ. ತೋಟದ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಮರದ ತರಗು ಕರಗುವುದಿಲ್ಲ ಅಂತ ಈ ಗುಂಪಿನಲ್ಲಿ ಎಷ್ಟು ಸಲ ಗೋಳಾಡಿದ್ದೇವೆ, ಅಲ್ವಾ? ಭಾವನವರಿಗೂ ತೊಂದರೆ ಇಲ್ಲ, ದಾರಿ ಹೆಚ್ಚಾಗಿ ಸಮತಟ್ಟು. ಜಿರಾಫೆಗೆ ಕೈಯಾರೆ ತಿನ್ನಿಸುವ ಹೊತ್ತು ಯಾವುದೆಂದು ಗೇಟಿನಲ್ಲೇ ಕೇಳಿಬಿಡಿ.

ಹನ್ನೆರಡರ ಹೊತ್ತಿಗೆ ದ್ವೀಪಕ್ಕೆ ವಾಪಸ್ ಬನ್ನಿ. ಸಸ್ಯಾಹಾರಕ್ಕೆ ಚಿಂತೆಯೇ ಬೇಡ. ಗುಜರಾತಿಗಳು ತಲೆಮಾರುಗಳಿಂದ ಇರುವ ಊರು. ಹೋಟೆಲಿನಲ್ಲಿ ಥಾಲಿ ಕೇಳುವ ಬದಲು ಮ್ಬಾಝಿ, ಮಹಂಬ್ರಿ ಕೇಳಿ. ತೊಗರಿ ಕಾಳನ್ನು ತೆಂಗಿನ ಹಾಲಲ್ಲಿ ಬೇಯಿಸಿದ ಪಲ್ಯ, ಜೊತೆಗೆ ಏಲಕ್ಕಿ ಹಾಕಿದ ಉಬ್ಬಿದ ಪೂರಿ. ಸಾಮಾನ್ಯವಾಗಿ ಬೆಳಗಿನ ತಿಂಡಿ ಅದು, ಖಾಲಿಯಾಗಿದ್ದರೆ ವಿಯಾಝಿ ಕರಾಯಿ ತಿನ್ನಿ, ನಮ್ಮ ಆಲೂ ಬೋಂಡದ ತಮ್ಮ. ರಸ್ತೆ ಬದಿ ಮರಗೆಣಸಿನ ಚಿಪ್ಸ್‌ಗೆ ಕಣ್ಣೆದುರೇ ಖಾರದ ಪುಡಿ ಉದುರಿಸಿ ನಿಂಬೆ ಹಿಂಡಿ ಕೊಡುತ್ತಾರೆ. ಎಳನೀರಿಗೆ ಮಡಾಫು ಅನ್ನಿ ಸಾಕು.

ಆಮೇಲೆ ಫೋರ್ಟ್ ಜೀಸಸ್. ಪೋರ್ಚುಗೀಸರು 1593ರಿಂದ 1596ರ ನಡುವೆ ಹವಳದ ಕಲ್ಲಿನಲ್ಲಿ ಕಟ್ಟಿದ ಕೋಟೆ. 1698ರಲ್ಲಿ ಒಮಾನಿಗಳ ಕೈಗೆ ಹೋಯಿತು, ಬ್ರಿಟಿಷರ ಕಾಲದಲ್ಲಿ ಜೈಲಾಗಿತ್ತು. ಅಲ್ಲಿನ ಮ್ಯೂಸಿಯಂನಲ್ಲಿ ಕೋಟೆ ಎದುರೇ ಮುಳುಗಿದ ಹಡಗಿನ ಸಾಮಾನುಗಳಿವೆ. ಆ ಹಡಗು ಕಟ್ಟಿದ್ದು ಮುಂಬೈ ಹತ್ತಿರದ ನಮ್ಮ ವಸಾಯಿಯಲ್ಲಿ. ಮೇಲಿನ ಬುರುಜುಗಳಿಗೆ ಮೆಟ್ಟಿಲಿದೆ, ಭಾವ ಕೆಳಗೇ ನೆರಳಲ್ಲಿ ಕೂರಲಿ. ಕೋಟೆ ಪಕ್ಕದಿಂದಲೇ ಹಳೇ ಊರಿನ ಓಣಿಗಳು ಶುರು. ಅಲ್ಲಿ ಕಹವಾ ಮಾರುವವರನ್ನು ಬಿಡಬೇಡಿ. ಹಿತ್ತಾಳೆಯ ಉದ್ದ ಕೊಕ್ಕಿನ ಪಾತ್ರೆ, ತಳಕ್ಕೆ ಅಂಟಿಕೊಂಡೇ ಕೆಂಡದ ಪುಟ್ಟ ಒಲೆ, ಹಿಡಿ ಇಲ್ಲದ ಸಣ್ಣ ಬಟ್ಟಲು. ಶುಂಠಿ ಹಾಕಿದ ಕಡು ಕಹಿ ಕಾಫಿ, ಹಾಲಿಲ್ಲ, ಸಕ್ಕರೆಯಿಲ್ಲ. ಸಿಹಿಗೆ ಕಶಾಟ ಎಂಬ ಕಡಲೆಕಾಯಿ ಚಿಕ್ಕಿಯಂಥದ್ದು ಕಚ್ಚಿಕೊಳ್ಳಬೇಕು. ಫಿಲ್ಟರ್ ಕಾಫಿ ನಾಲಿಗೆಗೆ ಮೊದಲ ಗುಟುಕು ಹೊಡೆತವೇ.

ಸಂಬಾರ ಪದಾರ್ಥಕ್ಕೆ ಮರಿಕಿಟಿ ಎಂಬ ಹಳೇ ಮಾರ್ಕೆಟ್ ಇದೆ. ನೋಡಿ, ಮೂಸಿ. ಏಲಕ್ಕಿ, ಮೆಣಸು ಕೊಳ್ಳಬೇಡಿ, ನಿಮ್ಮ ಮನೆಯದೇ ಚೆನ್ನಾಗಿದೆ. ಸಮಯ ಮಿಕ್ಕರೆ ಮಾಮಾ ಎನ್‌ಗಿನಾ ದಂಡೆಯಲ್ಲಿ ಹಳೇ ಬಾವೊಬಾಬ್ ಮರಗಳಿವೆ, ಸವಣೂರಿನ ಕಲ್ಮಠದಲ್ಲಿರುವ ದೊಡ್ಡ ಹುಣಸೆಯ ಬಂಧುಗಳು. ನೆರಳು, ಕಡಲ ಗಾಳಿ, ಕೂರಲು ಜಾಗ, ಮೂರೂ ಇವೆ. ಮೋಯಿ ಅವೆನ್ಯೂನ ಆನೆ ದಂತದ ಆಕಾರದ ದೊಡ್ಡ ಕಮಾನನ್ನು ಗಾಡಿಯೊಳಗಿಂದಲೇ ನೋಡಿದರೆ ಸಾಕು.

ಗಾಡಿಗೆ ಇಡೀ ದಿನದ ಟ್ಯಾಕ್ಸಿ ಮಾಡಿಕೊಳ್ಳಿ, ರೇಟು ಹತ್ತುವ ಮುಂಚೆ ಮಾತಾಡಿ. ಊರೊಳಗೆ ನಮ್ಮ ಆಟೋಗಳೇ ಓಡುತ್ತವೆ, ಟುಕ್‌ಟುಕ್ ಅನ್ನುತ್ತಾರೆ. ಒಂದು ಎಚ್ಚರ ಇರಲಿ. ಸ್ವಾಹಿಲಿಯಲ್ಲಿ ಗಂಟೆ ಎಣಿಸುವುದು ಸೂರ್ಯೋದಯದಿಂದ, ನಮ್ಮ ಬೆಳಗಿನ ಏಳು ಅವರಿಗೆ ಒಂದು ಗಂಟೆ. ‘ಸಾ ನಾನೆ’ ಅಂದರೆ ಎಂಟು ಗಂಟೆ ಅಂತ ಅರ್ಥ, ಆದರೆ ಗಡಿಯಾರದಲ್ಲಿ ಮಧ್ಯಾಹ್ನ ಎರಡು. ಡ್ರೈವರ್‌ಗೆ ವಾಪಸ್ ಬರುವ ಹೊತ್ತನ್ನು ವಾಚ್ ಮುಳ್ಳು ತೋರಿಸಿಯೇ ಹೇಳಿ. ಹಡಗಿನ ಗಡಿಯಾರವೂ ಊರಿನ ಗಡಿಯಾರವೂ ಒಂದೇನಾ ಅಂತ ಇಳಿಯುವಾಗಲೇ ಕೇಳಿ. ಹಣ ಅಲ್ಲಿ ಎಲ್ಲವೂ ಎಂ-ಪೆಸಾ, ಅಂದರೆ ಮೊಬೈಲಿನಲ್ಲೇ ಕಟ್ಟುವುದು. ನಗದು ತೆಗೆದುಕೊಳ್ಳದ ಕಡೆ ಡ್ರೈವರ್ ಕಟ್ಟಿ ನಿಮ್ಮಿಂದ ಈಸ್ಕೊಳ್ಳುತ್ತಾನೆ. ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ಮಾತ್ರ ಹಡಗಿನಿಂದ ಇಳಿಸಲೇಬೇಡಿ. 2017ರಿಂದ ನಿಷೇಧ, ಕಾನೂನಿನಲ್ಲಿ 40 ಲಕ್ಷ ಶಿಲ್ಲಿಂಗ್‌ವರೆಗೆ ದಂಡ, 4 ವರ್ಷದವರೆಗೆ ಜೈಲು ಇದೆ. ಬಟ್ಟೆ ಚೀಲ ಹಿಡಿದುಕೊಳ್ಳಿ. ಬಂದರು, ಪೊಲೀಸರ ಫೋಟೋ ತೆಗೆಯಬೇಡಿ.

ಬೀಜದ ವಿಷಯಕ್ಕೆ ಬರುತ್ತೇನೆ. ಬೇಡ ಅಕ್ಕ, ಒಂದೂ ಬೇಡ. ಕಾನೂನು ಪ್ರಕಾರ ಪರ್ಮಿಟ್ ಬೇಕು, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. 1922ರಲ್ಲಿ ಕೀನ್ಯಾದಲ್ಲಿ ಮೊದಲು ಗುರುತಿಸಿದ ಕಾಫಿ ಬೆರಿ ಡಿಸೀಸ್ ಎಂಬ ಶಿಲೀಂಧ್ರ ರೋಗವಿದೆ. ಹಸಿರು ಕಾಯಿಗೇ ಕಪ್ಪು ತಗ್ಗು ಬಿದ್ದು ಉದುರುತ್ತದೆ. ಅದು ಇನ್ನೂ ಆಫ್ರಿಕಾ ಬಿಟ್ಟು ಹೊರಗೆ ಬಂದಿಲ್ಲ. ಕಾಯಿ ಕೊರೆಯುವ ಹುಳ ಬೆರಿ ಬೋರರ್ ಕೂಡ ಆಫ್ರಿಕಾ ಮೂಲದ್ದೇ. 1990ರಲ್ಲಿ ಗೂಡಲೂರಿನಲ್ಲಿ ಮೊದಲು ಕಾಣಿಸಿತು, ಆಮೇಲೆ ನಾವು ಪಟ್ಟದ್ದು ನಿಮಗೇ ಗೊತ್ತು. ಹುರಿದು ಪ್ಯಾಕ್ ಮಾಡಿದ ಕಾಫಿ ಪುಡಿ ತನ್ನಿ, ಅಷ್ಟೇ. ಚಿಪ್ಪು, ಹವಳದ ತುಂಡು ಕೂಡ ಕೊಳ್ಳಬೇಡಿ. ಬೂಟು, ಚಪ್ಪಲಿಯ ಮಣ್ಣು ತೊಳೆದೇ ಪೆಟ್ಟಿಗೆಗೆ ಹಾಕಿ.

ಕೊನೆಗೆ, ಇದನ್ನು ಈ ವಾರವೇ ನೋಡಿಕೊಳ್ಳಿ. ಕೀನ್ಯಾ ಬಿಟ್ಟು 6 ದಿನದೊಳಗೆ ಭಾರತಕ್ಕೆ ಬಂದರೆ ಹಳದಿ ಜ್ವರದ ಲಸಿಕೆ ಕಾರ್ಡ್ ಕೇಳುತ್ತಾರೆ. ಇಲ್ಲದಿದ್ದರೆ ಕ್ವಾರಂಟೈನ್. ಲಸಿಕೆ ಹಾಕಿಸಿ 10 ದಿನ ಆದ ಮೇಲೇ ಕಾರ್ಡ್ ಊರ್ಜಿತ. ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಸುಮ್ನೆ ಯಾವುದೋ ಕ್ಲಿನಿಕ್‌ಗೆ ಹೋಗಬೇಡಿ. ಭಾವನವರಿಗೆ ಅರವತ್ತು ದಾಟಿದ್ದರೆ ಮೊದಲು ಡಾಕ್ಟರ ಹತ್ತಿರ ಮಾತಾಡಿ, ಮಲೇರಿಯಾ ಮಾತ್ರೆಯನ್ನೂ ಆಗಲೇ ಕೇಳಿ. ವೀಸಾ ಬದಲಿಗೆ 2024ರಿಂದ ಕೀನ್ಯಾದಲ್ಲಿ ಇಟಿಎ ಎಂಬ ಆನ್‌ಲೈನ್ ಪ್ರಯಾಣ ಅನುಮತಿ ಬಂದಿದೆ. ಅದನ್ನು ಹಡಗಿನವರು ಮಾಡಿಸುತ್ತಾರೋ ನೀವೇ ಮಾಡಬೇಕೋ ಅಂತ ಏಜೆಂಟ್ ಹತ್ತಿರ ಬರಹದಲ್ಲಿ ತೆಗೆದುಕೊಳ್ಳಿ. ಮೊಂಬಾಸಾ ಆದ ಮೇಲೆ ಹಡಗು ಎಲ್ಲಿಗೆ ಅಂತ ಹೇಳಲಿಲ್ಲ. ಜಾಂಜಿಬಾರ್ ಆದರೆ ತಿಳಿಸಿ, ಲವಂಗದ ತೋಟ ನೋಡುವ ಬಗ್ಗೆ ಬೇರೆ ಬರೆಯುತ್ತೇನೆ.